ಆಗಸ್ಟ್ ತಿಂಗಳಲ್ಲಿ ಕಾರಿನಲ್ಲಿ ಡೆತ್ ವ್ಯಾಲಿಗೆ: ವಯಸ್ಸಾದವರು ಹೋಗಬಹುದೇ?

ಪ್ರಶ್ನೆ: ತುಂಗಾತೀರ, ತೀರ್ಥಹಳ್ಳಿ

ಮಾನ್ಯರೇ,

ನಮ್ಮ ಮಗ ಅಮೆರಿಕದ ಲಾಸ್ ಏಂಜಲಿಸ್ ಸಮೀಪ ನೌಕರಿಯಲ್ಲಿದ್ದಾನೆ. ಅಡಿಕೆ ತೋಟಕ್ಕೆ ಎರಡನೇ ಸುತ್ತಿನ ಕೊಳೆ ಔಷಧಿ ಹೊಡೆಸಿ, ಜುಲೈ ಕೊನೆಯಲ್ಲಿ ನಾನು ಮತ್ತು ನನ್ನ ಪತ್ನಿ ಅಲ್ಲಿಗೆ ಹೊರಡುವವರಿದ್ದೇವೆ. ಕೊನೆಕೊಯ್ಲು ಶುರುವಾಗುವ ಹೊತ್ತಿಗೆ ಊರಿನಲ್ಲಿ ಇರಲೇಬೇಕಾದ್ದರಿಂದ ಅಕ್ಟೋಬರ್ ದಾಟಿ ಅಲ್ಲಿ ಉಳಿಯುವಂತಿಲ್ಲ. ಮಗನಿಗೆ ರಜೆ ಸಿಗುವುದು ಆಗಸ್ಟ್ ಎರಡನೇ ವಾರದಲ್ಲಿ ಮಾತ್ರ. ಆಗ ಲಾಸ್ ವೇಗಾಸ್ ನೋಡಿಕೊಂಡು ಅಲ್ಲಿಂದ ಡೆತ್ ವ್ಯಾಲಿ ರಾಷ್ಟ್ರೀಯ ಉದ್ಯಾನಕ್ಕೆ ಕಾರಿನಲ್ಲಿ ಹೋಗಿ ಬರೋಣ ಎಂಬುದು ಅವನ ಯೋಜನೆ.

ಅಲ್ಲಿ ಆ ದಿನಗಳಲ್ಲಿ ಬಿಸಿಲು 45 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ ಎಂದು ಕೇಳಿ ಮನೆಯಲ್ಲಿ ಆತಂಕ ಶುರುವಾಗಿದೆ. ನಾವು ಕೆಲಸದ ನಿಮಿತ್ತ ಮೇ ತಿಂಗಳ ರಾಯಚೂರನ್ನೂ ಬಳ್ಳಾರಿಯನ್ನೂ ಕಂಡವರೇ. ಕಾರಿನಲ್ಲಿ ಎಸಿ ಇರುವಾಗ ಭಯವೇಕೆ ಎಂದು ಮಗ ಕೇಳುತ್ತಾನೆ. ಆದರೆ ನನಗೆ ರಕ್ತದೊತ್ತಡಕ್ಕೆ ಮಾತ್ರೆ ನಡೆಯುತ್ತಿದೆ, ಪತ್ನಿಗೆ ಸಕ್ಕರೆ ಕಾಯಿಲೆಯಿದ್ದು ಇನ್ಸುಲಿನ್ ತೆಗೆದುಕೊಳ್ಳುತ್ತಾರೆ, ಜೊತೆಗೆ ಇನ್ನೂ ಶಾಲೆಗೆ ಸೇರದ ಮೊಮ್ಮಗಳು ಇರುತ್ತಾಳೆ. ಇಂಥ ಸ್ಥಿತಿಯಲ್ಲಿ ಹೋಗುವುದು ಉಚಿತವೇ? ಹೋಗುವುದಾದರೆ ಮಗನ ಹಳೆಯ ಕಾರು ಸಾಕೇ, ಬಾಡಿಗೆಯ ಕಾರು ಒಳ್ಳೆಯದೇ? ದಿನದ ಯಾವ ಹೊತ್ತಿಗೆ ಎಲ್ಲಿರಬೇಕು? ಅನುಭವವಿದ್ದವರು ದಯವಿಟ್ಟು ವಿವರವಾಗಿ ತಿಳಿಸಬೇಕಾಗಿ ಕೋರುತ್ತೇನೆ.

ಉತ್ತರ: ವರದಾಮೂಲ, ಸಾಗರದವರು, ಈಗ ಲಾಸ್ ವೇಗಾಸ್ ವಾಸಿ

ತುಂಗಾತೀರದವರಿಗೆ ನಮಸ್ಕಾರ. ಹೋಗಬಹುದು, ಆದರೆ ಮಗನ ಯೋಜನೆಯಂತೆ ಅಲ್ಲ. ಬೆಳಿಗ್ಗೆ ತಿಂಡಿ ಮುಗಿಸಿ ಲಾಸ್ ವೇಗಾಸ್ ಬಿಟ್ಟು ಮಧ್ಯಾಹ್ನ ಕಣಿವೆಯ ತಳದಲ್ಲಿ ಸುತ್ತಾಡಿ ಸಂಜೆ ಮರಳುವುದು ಬಹಳ ಜನರ ಕ್ರಮ, ಮತ್ತು ಅದೇ ಅತ್ಯಂತ ಕೆಟ್ಟ ಕ್ರಮ.

ಮೊದಲು ಆ ಜಾಗದ ಸ್ವಭಾವವನ್ನು ಹೇಳುತ್ತೇನೆ. ನಮ್ಮ ಸಹ್ಯಾದ್ರಿ ಅರಬ್ಬೀ ಸಮುದ್ರದ ಮೋಡಗಳನ್ನು ಆಗುಂಬೆಯಲ್ಲಿ ಇಳಿಸಿಕೊಂಡು ಚಳ್ಳಕೆರೆಯ ಕಡೆಗೆ ಬರೀ ಗಾಳಿಯನ್ನು ಕಳಿಸುವುದನ್ನು ನಾವೆಲ್ಲ ಬಲ್ಲೆವು. ಡೆತ್ ವ್ಯಾಲಿಗೂ ಶಾಂತಸಾಗರಕ್ಕೂ ನಡುವೆ ಅಂಥ ಪರ್ವತಸಾಲು ಒಂದಲ್ಲ, ಒಂದರ ಹಿಂದೊಂದು ನಾಲ್ಕು ಇವೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಮಳೆಯಾದರೆ ಇಲ್ಲಿ ಬೀಳುವುದು ಸುಮಾರು 50 ಮಿಲಿಮೀಟರ್. ಕಣಿವೆಯ ಅತಿ ತಗ್ಗಿನ ಜಾಗವಾದ ಬ್ಯಾಡ್‌ವಾಟರ್ ಬೇಸಿನ್ ಸಮುದ್ರಮಟ್ಟಕ್ಕಿಂತ 86 ಮೀಟರ್ ಕೆಳಗಿದೆ. ಗಿಡಮರಗಳಿಲ್ಲದ ನೆಲ ಕಾದು ಮೇಲೇರುವ ಗಾಳಿ ಎರಡೂ ಕಡೆಯ ಕಡಿದಾದ ಬೆಟ್ಟಗಳ ನಡುವೆಯೇ ಸುತ್ತಿ ಮತ್ತೆ ಕೆಳಗಿಳಿಯುತ್ತದೆ, ಇಳಿಯುವಾಗ ಒತ್ತಡಕ್ಕೆ ಸಿಕ್ಕಿ ಇನ್ನಷ್ಟು ಬಿಸಿಯಾಗುತ್ತದೆ. ಹೀಗಾಗಿ ಕಣಿವೆಯ ತಳದ ಫರ್ನೆಸ್ ಕ್ರೀಕ್ ಎಂಬಲ್ಲಿ ಜುಲೈ ತಿಂಗಳ ಸರಾಸರಿ ಗರಿಷ್ಠ ಉಷ್ಣತೆ 47 ಡಿಗ್ರಿ. ಆಗಸ್ಟ್‌ನಲ್ಲಿ ಅದರಿಂದ ಹೆಚ್ಚೇನೂ ಇಳಿಯುವುದಿಲ್ಲ. 1913ರ ಜುಲೈ 10ರಂದು ಅಲ್ಲಿ ದಾಖಲಾದ 56.7 ಡಿಗ್ರಿ ಇಂದಿಗೂ ವಿಶ್ವ ಹವಾಮಾನ ಸಂಸ್ಥೆಯ ಪುಸ್ತಕದಲ್ಲಿ ಜಗತ್ತಿನ ಗರಿಷ್ಠ. ಆ ಅಂಕಿಯನ್ನು ಸಂಶಯಿಸುವ ತಜ್ಞರಿದ್ದಾರೆ, ಆದರೆ 2020ರ ಆಗಸ್ಟ್ ಮತ್ತು 2021ರ ಜುಲೈ ತಿಂಗಳುಗಳಲ್ಲಿ ಆಧುನಿಕ ಉಪಕರಣಗಳೇ 54.4 ತೋರಿಸಿವೆ. ರಾಯಚೂರಿನ ಅನುಭವ ಇಲ್ಲಿ ಅಳತೆಗೋಲಾಗದು. ರಾಯಚೂರಿನಲ್ಲಿ ಕಾರು ಕೆಟ್ಟರೆ ಎದುರಿಗೆ ಬೇವಿನ ಮರವಿರುತ್ತದೆ, ಅರ್ಧ ಗಂಟೆಯಲ್ಲಿ ಬಸ್ಸು ಬರುತ್ತದೆ. ಇಲ್ಲಿ ಮೈಲುಗಟ್ಟಲೆ ನೆರಳೆಂಬುದೇ ಇಲ್ಲ, ಬಹುತೇಕ ಕಡೆ ಮೊಬೈಲ್ ಸಿಗ್ನಲ್ಲೂ ಇಲ್ಲ.

ಆದ್ದರಿಂದ ನನ್ನ ಸಲಹೆ ಇಷ್ಟು. ಹಿಂದಿನ ಸಂಜೆಯೇ ಲಾಸ್ ವೇಗಾಸ್‌ನಿಂದ ಪಹ್ರಂಪ್ ಎಂಬ ಊರಿಗೆ ಬಂದು ಉಳಿಯಿರಿ. ಪೆಟ್ರೋಲ್ ಬಂಕ್, ದಿನಸಿ ಅಂಗಡಿ, ಆಸ್ಪತ್ರೆ ಎಲ್ಲವೂ ಅಲ್ಲಿವೆ. ಮರುದಿನ ನಸುಕಿಗೆ ಮುಂಚೆ ಹೊರಟರೆ ಸೂರ್ಯೋದಯದ ಹೊತ್ತಿಗೆ ಡಾಂಟೇಸ್ ವ್ಯೂ ತಲುಪುತ್ತೀರಿ. ಒಂದೂಕಾಲು ಗಂಟೆಯ ದಾರಿ. ಅದು 1,669 ಮೀಟರ್ ಎತ್ತರದ, ಅಂದರೆ ನಮ್ಮ ಕೊಡಚಾದ್ರಿಯ ತುದಿಗಿಂತಲೂ ಮೇಲಿನ ಜಾಗ. ಕಾರು ನಿಲ್ಲಿಸುವಲ್ಲಿಂದ ನಾಲ್ಕು ಹೆಜ್ಜೆಗೆ ನೋಟ ತೆರೆದುಕೊಳ್ಳುತ್ತದೆ. ಸೂರ್ಯ ನಿಮ್ಮ ಬೆನ್ನ ಹಿಂದೆ ಏಳುವುದರಿಂದ ಎದುರಿನ ಪ್ಯಾನಮಿಂಟ್ ಬೆಟ್ಟಗಳ ನೆತ್ತಿ ಮೊದಲು ಬೆಳಗುತ್ತದೆ, ಬೆಳಕು ನಿಧಾನವಾಗಿ ಕೆಳಗಿಳಿದು ಕೊನೆಗೆ ನೇರ ಕೆಳಗಿರುವ ಉಪ್ಪಿನ ಬಯಲನ್ನು ಮುಟ್ಟುತ್ತದೆ. ಹಿರಿಯರಿಗೆ ಬೆಳಿಗ್ಗೆ ಅಲ್ಲಿ ತೆಳ್ಳನೆಯ ಶಾಲು ಬೇಕಾದರೂ ಆಶ್ಚರ್ಯವಿಲ್ಲ. ತಳದಲ್ಲಿ 45 ಇರುವ ಹೊತ್ತಿಗೆ ಮೇಲೆ ಹತ್ತು ಹನ್ನೆರಡು ಡಿಗ್ರಿ ಕಡಿಮೆ ಇರುತ್ತದೆ.

ಅಲ್ಲಿಂದ ಇಳಿಯುತ್ತಾ ಜಾಬ್ರಿಸ್ಕಿ ಪಾಯಿಂಟ್. ಇದಕ್ಕೆ ಸ್ವಲ್ಪ ಏರಿನ ಕಾಲುದಾರಿಯಿದೆ, ತಮಗೆ ಆಗದಿದ್ದರೆ ಬಿಟ್ಟುಬಿಡಿ. ಮುಂದೆ ಫರ್ನೆಸ್ ಕ್ರೀಕ್‌ನ ಸಂದರ್ಶಕರ ಕೇಂದ್ರದಲ್ಲಿ ರೇಂಜರುಗಳನ್ನು ಕಂಡು ಅಂದಿನ ರಸ್ತೆಯ ಸ್ಥಿತಿ ಕೇಳಿ, ಬಾಟಲಿಗಳಿಗೆ ನೀರು ತುಂಬಿಸಿಕೊಂಡು, ದಕ್ಷಿಣಕ್ಕೆ 27 ಕಿಲೋಮೀಟರ್ ದೂರದ ಬ್ಯಾಡ್‌ವಾಟರ್‌ಗೆ ಹೋಗಿ. ಕಾರು ನಿಲ್ಲಿಸಿ ಹಿಂದಿರುಗಿ ನೋಡಿದರೆ ಬಂಡೆಯ ಮೇಲೆ ಬಹಳ ಎತ್ತರದಲ್ಲಿ ಸಮುದ್ರಮಟ್ಟ ಇಲ್ಲಿದೆ ಎಂದು ಬರೆದ ಒಂದು ಸಣ್ಣ ಬಿಳಿ ಫಲಕ ಕಾಣುತ್ತದೆ. ಮೊಮ್ಮಗಳಿಗೆ ಅದನ್ನು ಹುಡುಕಲು ಹೇಳಿ. ಉಪ್ಪಿನ ಬಯಲಿನೊಳಗೆ ದೂರ ನಡೆಯಬೇಡಿ. ಕಟ್ಟೆಯ ಬಳಿ ಐದು ನಿಮಿಷ ಸಾಕು. ಮರಳುವಾಗ ಬಲಗಡೆಗೆ ಆರ್ಟಿಸ್ಟ್ಸ್ ಡ್ರೈವ್ ಎಂಬ 14 ಕಿಲೋಮೀಟರಿನ ಏಕಮುಖ ರಸ್ತೆ ಸಿಗುತ್ತದೆ. ಹಸಿರು, ಗುಲಾಬಿ, ನೇರಳೆ ಬಣ್ಣದ ಗುಡ್ಡಗಳನ್ನು ಕಾರಿನಿಂದ ಇಳಿಯದೆಯೇ ನೋಡಬಹುದು. ಇಷ್ಟು ಮುಗಿಸಿ ಹತ್ತು ಗಂಟೆಗೆ ಪಹ್ರಂಪ್ ದಿಕ್ಕಿಗೆ ತಿರುಗಿರಬೇಕು. ಬೇಸಿಗೆಯಲ್ಲಿ ಬೆಳಿಗ್ಗೆ ಹತ್ತರ ನಂತರ ತಗ್ಗಿನ ಪ್ರದೇಶದಲ್ಲಿ ನಡೆಯಬೇಡಿ ಎಂದು ಉದ್ಯಾನದವರೇ ಹೇಳುತ್ತಾರೆ.

ಕಾರಿನ ವಿಷಯ. ಹಳೆಯ ಕಾರಾದರೆ ಕೂಲೆಂಟ್, ರೇಡಿಯೇಟರ್ ಹೋಸ್, ಬೆಲ್ಟ್, ಬ್ಯಾಟರಿ ಇವನ್ನು ಮುಂಚಿತವಾಗಿ ಗ್ಯಾರೇಜಿನಲ್ಲಿ ತೋರಿಸಬೇಕು. ಟೈರಿನ ಗಾಳಿಯನ್ನು ಬೆಳಿಗ್ಗೆ ಟೈರು ತಣ್ಣಗಿರುವಾಗ ಅಳೆಯಬೇಕು. ನಾನಾದರೆ ಬಾಡಿಗೆಯ ಹೊಸ ಕಾರನ್ನೇ ಆರಿಸುತ್ತೇನೆ. ಆದರೆ ಎರಡು ಮಾತು: ಈಗಿನ ಅನೇಕ ಕಾರುಗಳಲ್ಲಿ ಸ್ಟೆಪ್ನಿ ಇರುವುದಿಲ್ಲ, ಬದಲಿಗೆ ಗಾಳಿ ತುಂಬುವ ಒಂದು ಡಬ್ಬಿ ಇರುತ್ತದೆ, ಆದ್ದರಿಂದ ಡಿಕ್ಕಿ ತೆರೆದು ನೋಡಿಯೇ ಕಾರು ಪಡೆಯಿರಿ, ಹಾಗೆಯೇ ಬಾಡಿಗೆ ಕರಾರುಗಳು ಸಾಮಾನ್ಯವಾಗಿ ಡಾಂಬರಿಲ್ಲದ ರಸ್ತೆಯಲ್ಲಿ ಓಡಿಸುವುದನ್ನು ನಿಷೇಧಿಸುತ್ತವೆ. ಕಡಿದಾದ ಏರಿನಲ್ಲಿ ಎಸಿ ನಿಲ್ಲಿಸಿ ಎಂಬ ಫಲಕದ ಸೂಚನೆಯನ್ನು ಪಾಲಿಸಿ. ಎಂಜಿನ್ ಬಿಸಿಯ ಮುಳ್ಳು ಕೆಂಪಿಗೆ ಬಂದರೆ ಬದಿಗೆ ನಿಲ್ಲಿಸಿ, ಎಂಜಿನ್ ಓಡುತ್ತಿರುವಂತೆಯೇ ಹೀಟರ್ ಹಾಕಿ ಬಿಸಿಯನ್ನು ಹೊರಬಿಡಬೇಕು. ರೇಡಿಯೇಟರ್ ಮುಚ್ಚಳವನ್ನು ಮುಟ್ಟಲೇಬಾರದು. ಇಳಿಯುವಾಗ ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಬರದೆ ಕೆಳಗಿನ ಗೇರ್ ಬಳಸಬೇಕೆಂಬುದನ್ನು ಆಗುಂಬೆ ಘಾಟಿ ಇಳಿದವರಿಗೆ ನಾನು ಹೇಳಬೇಕಾಗಿಲ್ಲ, ಅಮೆರಿಕದಲ್ಲಿ ಬೆಳೆದ ಮಕ್ಕಳಿಗೆ ಮಾತ್ರ ನೆನಪಿಸಬೇಕು.

ಕೊನೆಯದಾಗಿ, ಫೋನಿನ ನಕ್ಷೆ ತೋರಿಸಿದ ಅಡ್ಡದಾರಿಗೆ ಎಂದೂ ಇಳಿಯಬೇಡಿ, ಕಾರು ಕೆಟ್ಟರೆ ಕಾರನ್ನು ಬಿಟ್ಟು ನಡೆಯಬೇಡಿ. 1996ರ ಜುಲೈನಲ್ಲಿ ಜರ್ಮನಿಯಿಂದ ಬಂದ ನಾಲ್ವರ ಕುಟುಂಬವೊಂದು ಬಾಡಿಗೆಯ ವ್ಯಾನಿನಲ್ಲಿ ಒಂದು ಕಲ್ಲುಕಣಿವೆಗೆ ಇಳಿದು ಟೈರು ಒಡೆದು ಕಾಲ್ನಡಿಗೆಯಲ್ಲಿ ಹೊರಟಿತು. ವ್ಯಾನು ಕೆಲವೇ ತಿಂಗಳಲ್ಲಿ ಸಿಕ್ಕಿತು. ಅವರ ಅಸ್ಥಿಗಳು ಪತ್ತೆಯಾದದ್ದು 2009ರಲ್ಲಿ. ಡಾಂಬರು ರಸ್ತೆಯಲ್ಲಿ ಕಾರಿನ ಬಳಿಯೇ ಇದ್ದವರಿಗೆ ಬೇಸಿಗೆಯಲ್ಲೂ ಯಾರಾದರೂ ಸಿಕ್ಕೇ ಸಿಗುತ್ತಾರೆ.

ಉತ್ತರ: ನಿವೃತ್ತ ವೈದ್ಯ, ಶಿವಮೊಗ್ಗ

ಮೇಲಿನವರು ರಸ್ತೆಯ ಬಗ್ಗೆ ಹೇಳಿದ್ದಾರೆ, ನಾನು ದೇಹದ ಬಗ್ಗೆ ಹೇಳುತ್ತೇನೆ.

ಮೇ ತಿಂಗಳಲ್ಲಿ ಉಡುಪಿಗೆ ಹೋದಾಗ ಅಂಗಿ ಬೆನ್ನಿಗೆ ಅಂಟುತ್ತದೆ, ಬೆವರು ಧಾರೆಯಾಗಿ ಇಳಿಯುತ್ತದೆ, ಆಗ ನಾವು ತಾನಾಗಿಯೇ ನೀರು ಕೇಳುತ್ತೇವೆ. ಮರುಭೂಮಿಯ ಒಣಗಾಳಿಯಲ್ಲಿ ಬೆವರು ಹೊರಬಂದ ಕ್ಷಣವೇ ಆರಿಹೋಗುವುದರಿಂದ ಚರ್ಮ ಒಣಗಿಯೇ ಇರುತ್ತದೆ. ಕಾಲರಿನ ಅಂಚಿನಲ್ಲಿ ಬಿಳಿಯ ಉಪ್ಪಿನ ಗೆರೆ ಮೂಡಿದಾಗಲೇ ಎಷ್ಟು ನೀರು ಹೋಗಿದೆಯೆಂದು ತಿಳಿಯುವುದು. ಮಲೆನಾಡಿನವರಿಗೆ ಇದೇ ದೊಡ್ಡ ಮೋಸ. ವಯಸ್ಸಾದಂತೆ ಬಾಯಾರಿಕೆಯ ಅರಿವೂ ಮಂದವಾಗುತ್ತದೆ. ಆದ್ದರಿಂದ ಬಾಯಾರಿಕೆಗಾಗಿ ಕಾಯದೆ ಗಡಿಯಾರ ನೋಡಿ ಕುಡಿಯಬೇಕು. ಅಲ್ಲಿಯ ಅಧಿಕೃತ ಸೂಚನೆ ತಲೆಗೆ ದಿನಕ್ಕೆ ಸುಮಾರು ನಾಲ್ಕು ಲೀಟರ್. ಕಾರಿನಲ್ಲಿ ಅದರ ಎರಡು ಪಟ್ಟು ಇರಲಿ. ಬರೀ ನೀರಲ್ಲ, ಉಪ್ಪೂ ಬೇಕು: ಉಪ್ಪು ಹಾಕಿದ ಮಜ್ಜಿಗೆ, ಓಆರ್‌ಎಸ್ ಪುಡಿ ಅಥವಾ ಉಪ್ಪಿನಕಾಯಿ ಸೇರಿದ ಊಟ. ಕವಳ ಹಾಕುವ ಅಭ್ಯಾಸವಿದ್ದವರು ಬಾಯಿ ಒದ್ದೆಯಾಗಿರುವುದನ್ನು ನೀರು ಕುಡಿದ ಲೆಕ್ಕಕ್ಕೆ ಹಿಡಿಯಬಾರದು.

ತಮ್ಮ ರಕ್ತದೊತ್ತಡದ ಮಾತ್ರೆ ಯಾವ ಬಗೆಯದೆಂದು ತಾವು ಬರೆದಿಲ್ಲ. ಮೂತ್ರ ಹೆಚ್ಚಿಸುವ ಮಾತ್ರೆಯಾದರೆ ದೇಹದ ನೀರು ಇನ್ನಷ್ಟು ಬೇಗ ಇಳಿಯುತ್ತದೆ; ಬೀಟಾ ಬ್ಲಾಕರ್ ಬಗೆಯದಾದರೆ ಬಿಸಿಗೆ ಹೊಂದಿಕೊಳ್ಳುವ ಹೃದಯದ ಶಕ್ತಿ ಕುಗ್ಗುತ್ತದೆ. ತಾವಾಗಿ ಯಾವುದನ್ನೂ ನಿಲ್ಲಿಸದೆ, ಹೊರಡುವ ಮುನ್ನ ತಮ್ಮ ವೈದ್ಯರಲ್ಲಿ ಕೇಳಿ. ಹೃದಯ ಅಥವಾ ಮೂತ್ರಪಿಂಡದ ತೊಂದರೆಯಿಂದ ನೀರಿಗೆ ಮಿತಿ ಹಾಕಿಸಿಕೊಂಡವರು ಈ ಪ್ರವಾಸವನ್ನೇ ಕೈಬಿಡುವುದು ಲೇಸು. ದೇಹ ಬಿಸಿಗೆ ಒಗ್ಗಲು ಒಂದೆರಡು ವಾರ ಬೇಕು. ಜುಲೈ ಕೊನೆಯ ಜಡಿಮಳೆಯಿಂದ ಎದ್ದು ಹೋದವರಿಗೆ ಆ ಅವಕಾಶ ಸಾಲದು.

ತಮ್ಮ ಪತ್ನಿಯವರ ಇನ್ಸುಲಿನ್ನನ್ನು ಒಂದು ಕ್ಷಣವೂ ನಿಂತ ಕಾರಿನಲ್ಲಿ ಬಿಡಬಾರದು, ಬಿಸಿಗೆ ಅದು ಕೆಡುತ್ತದೆ; ಮಂಜುಗಡ್ಡೆಗೂ ನೇರವಾಗಿ ತಾಗಿಸಬಾರದು. ಬಟ್ಟೆಯಲ್ಲಿ ಸುತ್ತಿ ತಂಪು ಚೀಲದಲ್ಲಿಟ್ಟು, ಇಳಿಯುವಾಗ ಜೊತೆಗೆ ಒಯ್ಯಿರಿ. ಇನ್ನೊಂದು ವಿಷಯವನ್ನು ಒತ್ತಿ ಹೇಳುತ್ತೇನೆ. ಬಹಳ ವರ್ಷ ಸಕ್ಕರೆ ಕಾಯಿಲೆ ಇದ್ದವರಿಗೆ ಪಾದದ ಸ್ಪರ್ಶಜ್ಞಾನ ಕಡಿಮೆಯಿರುತ್ತದೆ, ಸುಟ್ಟರೂ ತಿಳಿಯುವುದಿಲ್ಲ. ಈ ಕಣಿವೆಯ ನೆಲದ ಮೇಲ್ಮೈ 1972ರ ಜುಲೈನಲ್ಲಿ 93.9 ಡಿಗ್ರಿ ಮುಟ್ಟಿದ ದಾಖಲೆಯಿದೆ. 2024ರ ಜುಲೈನಲ್ಲಿ ಮರಳುದಿಬ್ಬದಲ್ಲಿ ಚಪ್ಪಲಿ ಕಳೆದುಕೊಂಡ ಪ್ರವಾಸಿಯೊಬ್ಬರ ಪಾದಗಳು ಚರ್ಮದ ಆಳದವರೆಗೆ ಸುಟ್ಟವು. ಹವಾಯಿ ಚಪ್ಪಲಿ ಬೇಡ. ದಪ್ಪ ಅಟ್ಟೆಯ ಬೂಟು, ಹತ್ತಿಯ ಕಾಲುಚೀಲ ಹಾಕಿಸಿ, ಸಂಜೆ ಬೆಳಕಿನಲ್ಲಿ ಪಾದವನ್ನು ಪರೀಕ್ಷಿಸಿ.

ತಲೆನೋವು, ವಾಕರಿಕೆ, ಸ್ನಾಯು ಸೆಳೆತ ಕಂಡರೆ ಅಂದಿನ ತಿರುಗಾಟ ಅಲ್ಲಿಗೇ ಮುಗಿಯಿತೆಂದು ತಿಳಿದು ಎಸಿಯಲ್ಲಿ ಕೂರಿಸಿ ನೀರು ಕೊಡಿ. ಮಾತು ತೊದಲಿದರೆ, ಎಲ್ಲಿದ್ದೇವೆಂಬ ಅರಿವು ತಪ್ಪಿದರೆ ಅದು ತುರ್ತುಸ್ಥಿತಿ: ಮೈಯೆಲ್ಲ ಒದ್ದೆ ಮಾಡಿ ಗಾಳಿ ಹಾಕುತ್ತಾ ಅಲ್ಲಿಯ ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಬೇಕು. ಅರಿವು ತಪ್ಪಿದವರ ಬಾಯಿಗೆ ನೀರು ಹಾಕಬಾರದು. ಮಗುವನ್ನು ಕಾರಿನಲ್ಲಿ ಬಿಟ್ಟು ಒಂದು ಚಿತ್ರ ತೆಗೆದು ಬರುತ್ತೇವೆಂಬ ಮಾತೇ ಸಲ್ಲದು.

ಉತ್ತರ: ಬಿದನೂರು, ಹೊಸನಗರ

ಹಿರಿಯರೇ, ಎಲ್ಲರೂ ಹೇಗೆ ಹೋಗಬೇಕೆಂದು ಹೇಳುತ್ತಿದ್ದಾರೆ, ಆದ್ದರಿಂದ ಹೋಗಬೇಡಿ ಎನ್ನಲು ಒಬ್ಬರಾದರೂ ಇರಲಿ ಎಂದು ಬರೆಯುತ್ತಿದ್ದೇನೆ.

ವೈದ್ಯರು 911 ಎಂದರು. ಕರೆ ಹೋಗುವುದಕ್ಕೆ ಸಿಗ್ನಲ್ ಬೇಕು. ಹೋದರೂ, ವಿಪರೀತ ಬಿಸಿಯಲ್ಲಿ ಗಾಳಿ ತೆಳುವಾಗಿ ಹೆಲಿಕಾಪ್ಟರಿಗೆ ಮೇಲೇಳುವ ಬಲ ಸಿಗುವುದಿಲ್ಲ. 2024ರ ಜುಲೈನಲ್ಲಿ ಬ್ಯಾಡ್‌ವಾಟರ್ ಬಳಿ ಮೋಟಾರ್ ಸೈಕಲ್ ಸವಾರರ ತಂಡವೊಂದು ಬಿಸಿಲಿಗೆ ಸಿಕ್ಕಿ ಒಬ್ಬರು ತೀರಿಕೊಂಡಾಗ ಇದೇ ಕಾರಣಕ್ಕೆ ಹೆಲಿಕಾಪ್ಟರ್ ಬರಲಾಗಲಿಲ್ಲ.

ಜೊತೆಗೆ ಆಗಸ್ಟ್ ಎಂದರೆ ಅಲ್ಲಿ ಹಠಾತ್ ಪ್ರವಾಹದ ಕಾಲವೂ ಹೌದು. 2022ರ ಆಗಸ್ಟ್ 5ರಂದು ಫರ್ನೆಸ್ ಕ್ರೀಕ್‌ನಲ್ಲಿ ಬಿದ್ದದ್ದು 37 ಮಿಲಿಮೀಟರ್ ಮಳೆ. ನಮ್ಮಲ್ಲಿ ಅಷ್ಟಕ್ಕೆ ಯಾರೂ ಶಾಲೆಗೆ ರಜೆ ಕೊಡುವುದಿಲ್ಲ. ಅಲ್ಲಿ ರಸ್ತೆಗಳು ಕೊಚ್ಚಿಹೋಗಿ, ಕಾರುಗಳು ಕಲ್ಲುಮಣ್ಣಿನಲ್ಲಿ ಹೂತು, ಸುಮಾರು ಸಾವಿರ ಜನ ಹೊರಬರಲಾಗದೆ ಸಿಕ್ಕಿಕೊಂಡರು. ಮರುವರ್ಷ ಆಗಸ್ಟ್ 20ರಂದು ಒಂದು ವರ್ಷದ ಮಳೆ ಒಂದೇ ದಿನ ಸುರಿದು, ಉದ್ಯಾನ ಮತ್ತೆ ತೆರೆದದ್ದು ಅಕ್ಟೋಬರ್ 15ಕ್ಕೆ. ನೀರು ಹೀರಿಕೊಳ್ಳುವ ಕಾಡೂ ಇಲ್ಲ, ಗೋಡುಮಣ್ಣೂ ಇಲ್ಲ. ಬಿದ್ದದ್ದೆಲ್ಲ ಬೆಟ್ಟದಿಂದ ನೇರ ರಸ್ತೆಗೆ ಬರುತ್ತದೆ. ನಿಮ್ಮ ತಲೆಯ ಮೇಲೆ ಬಿಸಿಲಿದ್ದರೂ ದೂರದ ಬೆಟ್ಟದಲ್ಲಿ ಗುಡುಗಿದರೆ ತಗ್ಗಿನಲ್ಲಿ ನೀರು ನುಗ್ಗಬಹುದು.

ಆ ಉದ್ಯಾನವನ್ನು ನೋಡುವ ಕಾಲ ನವೆಂಬರಿನಿಂದ ಮಾರ್ಚ್. ನಿಮಗೆ ಆಗ ಕೊಯ್ಲು, ಸುಲಿತ, ಬೇಯಿಸುವ ಗಡಿಬಿಡಿ, ಒಪ್ಪಿದೆ. ಹಾಗಾದರೆ ಈ ಸಲ ಸಿಕ್ವೊಯಾ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿ. ಲಾಸ್ ಏಂಜಲಿಸ್‌ನಿಂದ ನಾಲ್ಕೈದು ಗಂಟೆಯ ದಾರಿ, ಮರಗಳಿರುವ ಜಾಗ ಎರಡು ಸಾವಿರ ಮೀಟರ್ ಎತ್ತರದಲ್ಲಿದ್ದು ಆಗಸ್ಟ್‌ನಲ್ಲೂ ಹಿತವಾಗಿರುತ್ತದೆ. 83 ಮೀಟರಿಗೂ ಎತ್ತರದ, ಗಾತ್ರದಲ್ಲಿ ಜಗತ್ತಿನಲ್ಲೇ ದೊಡ್ಡದಾದ ಜನರಲ್ ಶೆರ್ಮನ್ ಎಂಬ ಮರ ಅಲ್ಲಿದೆ. ಮಲೆನಾಡಿನವರಿಗೆ ಮರ ತೋರಿಸುವುದೇ ಎಂದು ನಗಬೇಡಿ, ಅದರ ಬುಡದಲ್ಲಿ ನಿಂತರೆ ನಮ್ಮ ಧೂಪದ ಮರ ಸಸಿಯಂತೆ ತೋರುತ್ತದೆ. ಹೊರಡುವ ಮುನ್ನ ಕಾಡ್ಗಿಚ್ಚಿನ ಸುದ್ದಿಯನ್ನಷ್ಟೇ ವಿಚಾರಿಸಿಕೊಳ್ಳಿ.

ಉತ್ತರ: ವರದಾಮೂಲ

ಬಿದನೂರಿನವರ ಮಾತಿನಲ್ಲಿ ಪ್ರವಾಹದ ಎಚ್ಚರಿಕೆಯನ್ನು ಪೂರ್ತಿ ಒಪ್ಪುತ್ತೇನೆ. ಹವಾಮಾನ ಇಲಾಖೆ ಪ್ರವಾಹದ ಮುನ್ಸೂಚನೆ ಕೊಟ್ಟ ದಿನ ಪಹ್ರಂಪ್‌ನಿಂದಲೇ ಹಿಂದಿರುಗಬೇಕು, ಕೊಠಡಿಯ ಬಾಡಿಗೆ ಹೋದರೆ ಹೋಗಲಿ. ಆದರೆ ಬೇಸಿಗೆಯಲ್ಲಿ ಹೋಗಲೇಬಾರದೆಂಬ ಮಾತನ್ನು ಒಪ್ಪಲಾರೆ. ಆ ಬಿಸಿಯನ್ನು ಒಮ್ಮೆ ಅನುಭವಿಸಲೆಂದೇ ಜುಲೈ, ಆಗಸ್ಟ್‌ಗಳಲ್ಲಿ ಯುರೋಪಿನಿಂದ ಜನ ಬರುತ್ತಾರೆ, ಮತ್ತು ರಸ್ತೆ ಬಿಡದವರೂ ಹೊತ್ತು ಮೀರದವರೂ ಬಹುತೇಕ ಕ್ಷೇಮವಾಗಿಯೇ ಮರಳುತ್ತಾರೆ. ಬ್ಯಾಡ್‌ವಾಟರ್‌ನಲ್ಲಿ ಆ ಸವಾರರಿಗೆ ಆದದ್ದು ತೆರೆದ ಬಿಸಿಲಿನಲ್ಲಿ, ದಪ್ಪ ಜಾಕೆಟ್ ತೊಟ್ಟು ವಾಹನದ ಮೇಲೆ ಕುಳಿತಾಗ. ಕಾರಿನಲ್ಲಿ ಬೆಳಿಗ್ಗೆ ಹೋಗುವವರ ಸ್ಥಿತಿ ಬೇರೆ.

ಪ್ರಶ್ನೆ ಕೇಳಿದವರು: ತುಂಗಾತೀರ

ಎಲ್ಲರಿಗೂ ಕೃತಜ್ಞತೆಗಳು. ಮಗನಿಗೆ ಇದನ್ನು ಓದಿ ಹೇಳಿದೆ. ಪಹ್ರಂಪ್‌ನಲ್ಲಿ ಉಳಿದು, ಡಾಂಟೇಸ್ ವ್ಯೂ ಮತ್ತು ಜಾಬ್ರಿಸ್ಕಿ ಮಾತ್ರ ನೋಡುವುದು, ನಮ್ಮಿಬ್ಬರ ಆರೋಗ್ಯ ಆ ದಿನ ಸರಿ ಕಂಡರಷ್ಟೇ ಬ್ಯಾಡ್‌ವಾಟರ್‌ಗೆ ಇಳಿಯುವುದು ಎಂದು ಮಾತಾಗಿದೆ. ಮಾತ್ರೆಯ ವಿಚಾರವನ್ನು ಈ ವಾರವೇ ವೈದ್ಯರಲ್ಲಿ ಕೇಳುತ್ತೇನೆ. ಇನ್ನೆರಡು ಸಣ್ಣ ಸಂಶಯಗಳಿವೆ: ಸಿಗ್ನಲ್ ಇಲ್ಲದ ಕಡೆ ತೊಂದರೆಯಾದರೆ ಸುದ್ದಿ ಮುಟ್ಟಿಸುವ ಬೇರೆ ಉಪಾಯವಿದೆಯೇ? ಮೊಸರನ್ನ ಕಟ್ಟಿಕೊಂಡು ಹೋದರೆ ಹಳಸದೆ ಉಳಿಯುತ್ತದೆಯೇ?

ಉತ್ತರ: ವರದಾಮೂಲ

ಮಗನ ಬಳಿ ಐಫೋನ್ 14 ಅಥವಾ ಅದರ ನಂತರದ ಫೋನ್ ಇದ್ದರೆ ಸಿಗ್ನಲ್ ಇಲ್ಲದ ಕಡೆಯೂ ಉಪಗ್ರಹದ ಮೂಲಕ ತುರ್ತು ಸಂದೇಶ ಕಳಿಸಬಹುದು; ಬಯಲಿನಲ್ಲಿ ಆಕಾಶ ಕಾಣುವಂತೆ ಹಿಡಿಯಬೇಕು. ಅದನ್ನು ಕಳಿಸುವ ಕ್ರಮವನ್ನು ಮನೆಯಲ್ಲೇ ಒಮ್ಮೆ ಅಭ್ಯಾಸ ಮಾಡಿಕೊಳ್ಳಲಿ. ಇದಲ್ಲದೆ ಯಾವ ರಸ್ತೆಯಲ್ಲಿ ಹೋಗಿ ಎಷ್ಟು ಹೊತ್ತಿಗೆ ಮರಳುತ್ತೀರೆಂದು ಊರಲ್ಲಿರುವ ಒಬ್ಬ ಸ್ನೇಹಿತರಿಗೆ ತಿಳಿಸಿ, ಆ ಹೊತ್ತು ಮೀರಿದರೆ ಅವರೇ ರೇಂಜರುಗಳಿಗೆ ಕರೆ ಮಾಡುವಂತೆ ಹೇಳಿಡಿ. ಕಾಗದದ ನಕ್ಷೆಯೊಂದು ಇರಲಿ.

ಮೊಸರನ್ನ ಧಾರಾಳವಾಗಿ ಒಯ್ಯಿರಿ. ಅಲ್ಲಿನ ಅಂಗಡಿಗಳಲ್ಲಿ ಸಿಗುವ ಥರ್ಮಾಕೋಲ್ ಐಸ್ ಪೆಟ್ಟಿಗೆಯಲ್ಲಿಟ್ಟು ಸೀಟಿನ ಬಳಿ ಇರಿಸಿದರೆ ಮಧ್ಯಾಹ್ನದವರೆಗೂ ತಂಪಾಗಿರುತ್ತದೆ. ಡಿಕ್ಕಿಯಲ್ಲಿ ಮಾತ್ರ ಇಡಬೇಡಿ. ಕಾರು ನಿಲ್ಲಿಸಿ ಇಳಿಯುವಾಗಲೆಲ್ಲ ಮುಂದಿನ ಗಾಜಿಗೆ ಬಿಸಿಲುತಡೆ ಹಚ್ಚಿ, ಮೊಮ್ಮಗಳ ಸೀಟಿನ ಮೇಲೆ ಬಿಳಿಯ ಟವೆಲ್ ಹೊದಿಸಿ. ಬೆಲ್ಟಿನ ಲೋಹದ ಕೊಂಡಿ ಹತ್ತು ನಿಮಿಷದಲ್ಲಿ ಚರ್ಮ ಸುಡುವಷ್ಟು ಕಾಯುತ್ತದೆ, ಅದನ್ನು ಮೊದಲು ನೀವು ಮುಟ್ಟಿ ನೋಡಿ ಆಮೇಲೆ ಮಗುವಿಗೆ ಹಾಕಿ.

ಪೆಟ್ರೋಲನ್ನು ಹಿಂದಿನ ಸಂಜೆಯೇ ಪಹ್ರಂಪ್‌ನಲ್ಲಿ ಪೂರ್ತಿ ತುಂಬಿಸಿ, ಉದ್ಯಾನದೊಳಗೆ ಸಿಗುವುದು ಕೆಲವೇ ಕಡೆ ಮತ್ತು ಬೆಲೆ ಬಹಳ ಹೆಚ್ಚು. ಪ್ರವೇಶ ಶುಲ್ಕಕ್ಕೆ ನಗದು ತೆಗೆದುಕೊಳ್ಳುವುದನ್ನು ಅಲ್ಲಿ 2023ರಿಂದ ನಿಲ್ಲಿಸಿದ್ದಾರೆ, ಕಾರ್ಡ್ ಇಟ್ಟುಕೊಳ್ಳಲು ಮಗನಿಗೆ ಹೇಳಿ.